ಗೆಣಸು, ಗುಳಿಗೆ ಮತ್ತು ತೋಳಿನ ಬಲ

ಹುತ್ತರಿ ಹಬ್ಬ ಬಂದರೆ ಕೊಡಗಿನ ಮನೆಗಳಲ್ಲಿ ಗೆಣಸು ಬೇಯುತ್ತೆ. ಜೊತೆಗೆ ಜೇನೋ ಬೆಲ್ಲವೋ ಇದ್ದರೆ ಮುಗೀತು, ಬೇರೇನೂ ಬೇಡ! ಬಳ್ಳಿಯಲ್ಲಿ ಬೆಳೆಯೋ ಈ ಗೆಣಸಿನ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಡಯಾಸ್ಕೋರಿಯ ಅಂತ ಹೆಸರು. ಹಾರ್ಮೋನ್ ಗುಳಿಗೆಗಳ ಚರಿತ್ರೆಯಲ್ಲಿ ಈ ಕುಲಕ್ಕೆ ದೊಡ್ಡ ಜಾಗ ಇದೆ ಅಂದ್ರೆ ನಂಬ್ತೀರಾ?

1929ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಅಮೆರಿಕದ ಡಾಯ್ಸಿ, ಬೇರೆ ಬೇರೆಯಾಗಿಯೇ, ಈಸ್ಟ್ರೋನ್ ಎಂಬ ಸ್ತ್ರೀ ಹಾರ್ಮೋನನ್ನು ಬೇರ್ಪಡಿಸಿದರು. ಆಗ ಹಾರ್ಮೋನ್ ಅಂದ್ರೆ ಚಿನ್ನದ ಬೆಲೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಲ್ಲಿದ್ದ ಡಯಾಸ್ಜೆನಿನ್‌ನಿಂದ ಪ್ರೊಜೆಸ್ಟರಾನ್ ತಯಾರಿಸಿದ. ಮುಂದೆ ಅದೇ ಕಚ್ಚಾವಸ್ತುವಿನಿಂದ ಟೆಸ್ಟೊಸ್ಟೆರಾನ್, ಈಸ್ಟ್ರೋನ್ ಎರಡೂ ಬಂದವು. "ಗಂಡು" ಹಾರ್ಮೋನು, "ಹೆಣ್ಣು" ಹಾರ್ಮೋನು ಎರಡಕ್ಕೂ ಒಂದೇ ಗೆಡ್ಡೆ! ನಮ್ಮ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೂಡ ಇದಕ್ಕೆಂದೇ 'ಅರ್ಕಾ ಉಪಕಾರ್' ಎಂಬ ಗೆಣಸಿನ ತಳಿ ಬಿಡುಗಡೆ ಮಾಡಿತ್ತು. ಹಾಗಂತ ಹುತ್ತರಿ ಗೆಣಸು ತಿಂದರೆ ಹಾರ್ಮೋನ್ ಸಿಗಲ್ಲ. ಆ ಬದಲಾವಣೆ ಆಗೋದು ಪ್ರಯೋಗಾಲಯದಲ್ಲಿ, ಹೊಟ್ಟೆಯಲ್ಲಲ್ಲ.

1935ರಲ್ಲಿ ಇನ್ನೊಂದು ಸಂಗತಿ ತಿಳಿದುಬಂತು. ವೃಷಣ ತೆಗೆದ ನಾಯಿಗಳಿಗೆ ಕೋಚಾಕಿಯನ್ ಎಂಬ ವಿಜ್ಞಾನಿ ಪುರುಷ ಹಾರ್ಮೋನಿನ ಸಾರ ಕೊಟ್ಟಾಗ ಅವುಗಳ ಮೂತ್ರದಲ್ಲಿ ಸಾರಜನಕ ಕಡಿಮೆಯಾಯಿತು. ಅಂದ್ರೆ ಮೈ ಪ್ರೋಟೀನನ್ನು ಹಿಡಿದಿಟ್ಟುಕೊಳ್ತಿದೆ ಅಂತ ಅರ್ಥ. ಇದನ್ನೇ ತಿರುಗಿಸಿ ನೋಡಿ: ಟೆಸ್ಟೊಸ್ಟೆರಾನ್ ಇಳಿದರೆ ಸ್ನಾಯುವೂ ಸ್ವಲ್ಪ ಇಳಿಯುತ್ತೆ.

1952ರಲ್ಲಿ ಡೆನ್ಮಾರ್ಕಿನಲ್ಲಿ ಹಾರ್ಮೋನ್ ಮತ್ತು ಶಸ್ತ್ರಚಿಕಿತ್ಸೆ ಪಡೆದ ಕ್ರಿಸ್ಟೀನ್ ಜಾರ್ಗನ್‌ಸನ್ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. 1966ರಲ್ಲಿ ಹ್ಯಾರಿ ಬೆಂಜಮಿನ್ ಈ ಚಿಕಿತ್ಸೆ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಜನ ಮಾತಾಡಿದ್ದು ಮೈ ಎಷ್ಟು ಮೃದುವಾಯಿತು ಅಂತ. ಆ ಮೈಗೆ ಎಷ್ಟು ಕಸುವು ಉಳಿಯಿತು ಅಂತ ಕೇಳಿದವರು ಕಡಿಮೆ. ಕೊನೆಗೆ ಕೇಳಿದ್ದು ಕ್ರೀಡಾಸಂಸ್ಥೆಗಳು, ಅದೂ ಅನುಮಾನದಿಂದ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2003ರಲ್ಲಿ ಶಸ್ತ್ರಚಿಕಿತ್ಸೆ ಮತ್ತು 2 ವರ್ಷದ ಹಾರ್ಮೋನ್ ಆಗಿರಬೇಕು ಅಂದಿತು, 2015ರಲ್ಲಿ ಶಸ್ತ್ರಚಿಕಿತ್ಸೆಯ ಷರತ್ತು ಬಿಟ್ಟಿತು. 2023ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ, ಗಂಡು ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರು ಮಹಿಳಾ ವಿಭಾಗಕ್ಕೆ ಬೇಡ ಅಂತ ತೀರ್ಮಾನಿಸಿತು.

ಪದಕದ ಜಗಳ ಅತ್ತ ಇರಲಿ. ಕಾಫಿ ಕುಯ್ದು ಚೀಲ ಹೊರಬೇಕಾದವಳ ಕಥೆ ಏನು? ಅವಳಿಗೆ ಚರಿತ್ರೆ ಸಮಾಧಾನವನ್ನೇ ಹೇಳುತ್ತೆ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಒಂದು ವರ್ಷದ ಚಿಕಿತ್ಸೆಯ ನಂತರ 11 ಟ್ರಾನ್ಸ್ ಮಹಿಳೆಯರ ತೊಡೆಯ ಸ್ನಾಯು ಸುಮಾರು ಶೇ. 5 ಇಳಿದಿತ್ತು, ಬಲ ಹೆಚ್ಚುಕಡಿಮೆ ಹಾಗೇ ಇತ್ತು. ಹಿಮೋಗ್ಲೋಬಿನ್ ಮಾತ್ರ ಮೂರು ನಾಲ್ಕು ತಿಂಗಳಲ್ಲೇ ಹೆಂಗಸರ ಮಟ್ಟಕ್ಕೆ ಇಳಿಯುತ್ತೆ. ದಿಬ್ಬ ಹತ್ತುವಾಗ ಮೊದಲಿಗಿಂತ ಬೇಗ ಉಸಿರು ಕಟ್ಟಿದರೆ ಇದೂ ಒಂದು ಕಾರಣ ಇರಬಹುದು. ಸೋಮಾರಿತನ ಅಂತ ಬೈದುಕೊಳ್ಳಬೇಕಿಲ್ಲ.

ಇನ್ನು ಊಟ. ನಮ್ಮ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದರೆ 50 ಗ್ರಾಂ. ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಗ್ರಾಂ, ಅಂದ್ರೆ 72ರಿಂದ 96 ಗ್ರಾಂ. ಕಡಂಬುಟ್ಟು, ನೂಲ್‌ಪುಟ್ಟು ಎಲ್ಲ ಅಕ್ಕಿಯವು, ಅವುಗಳಿಂದಲೇ ಇಷ್ಟು ಆಗಲ್ಲ. ಪಕ್ಕದಲ್ಲಿರೋ ಪಂದಿಕರಿ 100 ಗ್ರಾಂ ಮಾಂಸಕ್ಕೆ ಸುಮಾರು 25 ಗ್ರಾಂ ಕೊಡುತ್ತೆ. ಹುರುಳಿ 100 ಗ್ರಾಂ ಕಾಳಿಗೆ 21-22, ಒಂದು ಮೊಟ್ಟೆ 6. ಡಬ್ಬಿಯ ಪುಡಿ ಇಲ್ಲದೆಯೂ ನಡೆಯುತ್ತೆ ಸ್ವಾಮಿ! ಆದರೆ ತಿಂದರಷ್ಟೇ ಸಾಲದು, ವಾರಕ್ಕೆ ಎರಡು ಮೂರು ದಿನ ಸ್ನಾಯುವಿಗೆ ಕೆಲಸ ಕೊಡಬೇಕು. ಮೂಳೆಗೂ ಅದು ಒಳ್ಳೆಯದು.

ಎರಡು ಎಚ್ಚರಿಕೆ. ಟೆಸ್ಟೊಸ್ಟೆರಾನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ತಗೊಳ್ಳೋರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಕಿತ್ತಳೆ, ಬಾಳೆಹಣ್ಣು, ಎಳನೀರು ಎಷ್ಟು ಅನ್ನೋದನ್ನ ರಕ್ತಪರೀಕ್ಷೆ ಮಾಡಿಸಿ ಡಾಕ್ಟರನ್ನೇ ಕೇಳಬೇಕು. ಎರಡನೇದು, ಗರ್ಭನಿರೋಧಕ ಗುಳಿಗೆಗಳನ್ನ ತಾವೇ ಅಂಗಡಿಯಿಂದ ತಂದು ಹೆಚ್ಚೆಚ್ಚು ನುಂಗೋದು. ಅದರಿಂದ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ, ಬೀಡಿ ಸಿಗರೇಟು ಇದ್ದರಂತೂ ಇನ್ನೂ ಹೆಚ್ಚು.

ಕೊಡಗಿನ ಇನ್ನೊಂದು ಚರಿತ್ರೆ ಇಲ್ಲಿ ನೆನಪಾಗುತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನ ಸೇರಿಸಿ ಶುರು ಮಾಡಿದ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಬಂದವು. ಅಲ್ಲಿ ತಂಡ ಕಟ್ಟೋದು ಮನೆತನದ ಹೆಸರಿನಲ್ಲಿ. ಅಜ್ಜನಿಂದ ಮೊಮ್ಮಗಳವರೆಗೆ, ಗಂಡಸರ ಜೊತೆ ಹೆಂಗಸರೂ ಒಂದೇ ತಂಡದಲ್ಲಿ ಸ್ಟಿಕ್ ಹಿಡೀತಾರೆ. ತೋಳಿನ ಬಲ ಗಂಡಸಿನ ಸೊತ್ತು ಅನ್ನೋ ಮಾತಿಗೆ ಆ ಮೈದಾನವೇ ಉತ್ತರ ಕೊಟ್ಟಿದೆ. ಹೆಣ್ಣಾಗಲು ಹೊರಟವಳು ಬಲವನ್ನ ಬಿಟ್ಟುಕೊಡಬೇಕಾಗಿಲ್ಲ. ಆದರೆ ಅವಳು ಮೈದಾನಕ್ಕೆ ಬಂದ ದಿನ "ನೀನು ನಮ್ಮ ಮನೆಯವಳು" ಅಂತ ಸ್ಟಿಕ್ ಕೈಗಿಡೋ ಮನೆಗಳು ನಮ್ಮಲ್ಲಿ ಎಷ್ಟಿವೆ? ನೀವೇ ಹೇಳಿ...