ಬ್ರಹ್ಮಗಿರಿಯ ಬೆರೆತ ಪದರ: ವ್ಹೀಲರ್ ಕಾಲಾನುಕ್ರಮದ ಮರುಪರಿಶೀಲನೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಎಂ.ಎಚ್. ಕೃಷ್ಣ ಅವರ ಶೋಧನೆಯ ನಂತರ, 1947ರಲ್ಲಿ, ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಅಡಿಯಲ್ಲಿ ಕಲ್ಲುಕೊಡಲಿ ಸಂಸ್ಕೃತಿ, ನಡುವೆ ಬೃಹತ್ ಶಿಲಾ ಸಂಸ್ಕೃತಿ, ಮೇಲೆ ಅವರು 'ಆಂಧ್ರ' ಎಂದು ಕರೆದದ್ದು: ಈ ಅನುಕ್ರಮಕ್ಕೆ ಇಂದು ಯಾರ ತಕರಾರೂ ಇಲ್ಲ. ಮೊದಲೆರಡು ಸಂಸ್ಕೃತಿಗಳ ಮಡಕೆಚೂರುಗಳು ಒಟ್ಟಿಗೆ ಸಿಗುವ ನಡುವಣ ಪದರವನ್ನು ಹೇಗೆ ಓದಬೇಕು ಎಂಬುದೇ ಪ್ರಶ್ನೆ. ಹೊರಗಿನಿಂದ ಬಂದ ಕಬ್ಬಿಣಬಲ್ಲ ಜನ ಹಳಬರ ಜಾಗವನ್ನು ಆಕ್ರಮಿಸಿದ ಗುರುತು ಅದು ಎಂದು ವ್ಹೀಲರ್ ಓದಿದರು. ಈ ಓದನ್ನು ನಾನು ಒಪ್ಪಲಾರೆ.

ಅವರ ಕಾಲಗಣನೆಯಲ್ಲಿ ಕಲ್ಲುಕೊಡಲಿ ಸಂಸ್ಕೃತಿ ಕ್ರಿ.ಪೂ. 2ನೆಯ ಶತಮಾನದ ಆರಂಭದವರೆಗೂ ಉಳಿಯುತ್ತದೆ. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನ ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿದ್ದು, ಅದು ಕ್ರಿ.ಪೂ. 3ನೆಯ ಶತಮಾನದ್ದು. ಲಿಪಿಕಾರ ಚಪಡ ತನ್ನ ವೃತ್ತಿನಾಮವನ್ನು ಖರೋಷ್ಠಿಯಲ್ಲಿ ಕೆತ್ತಿ ಹೋದ ಊರು ಆಗಲೂ ಕಲ್ಲುಕೊಡಲಿಯನ್ನೇ ನೆಚ್ಚಿ ಬದುಕುತ್ತಿತ್ತೆಂದು ನಂಬುವುದು ಕಷ್ಟ. ತೊಡಕಿನ ಮೂಲ ಗಣನೆಯ ಆಧಾರದಲ್ಲಿದೆ. 1945ರಲ್ಲಿ ಅರಿಕಮೇಡುವಿನಲ್ಲಿ ದೊರೆತ ರೂಲೆಟೆಡ್ ಮಡಕೆಗೆ ಕ್ರಿ.ಶ. 1ನೆಯ ಶತಮಾನವನ್ನು ಕೊಟ್ಟು, ಅದೇ ಮಡಕೆ ಸಿಕ್ಕ ಬ್ರಹ್ಮಗಿರಿಯ ಮೇಲ್ಪದರದಿಂದ ವ್ಹೀಲರ್ ಹಿಂದಕ್ಕೆ ಎಣಿಸಿದರು. ಆ ಮಡಕೆಯ ಆರಂಭವನ್ನೇ ವಿಮಲಾ ಬೇಗ್ಲಿ ಮುಂದೆ ಕ್ರಿಸ್ತಪೂರ್ವಕ್ಕೆ ಒಯ್ದರು. ಪದರಗಳು ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಹೇಳುತ್ತವೆ. ಎಷ್ಟು ವರ್ಷ ಎಂಬುದನ್ನು ತಾವಾಗಿ ಹೇಳುವುದಿಲ್ಲ.

ಎಂ.ಎಸ್. ನಾಗರಾಜರಾವ್ 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರನ್ನು ಅಗೆದಾಗ ಇಂಥದೇ ಬೆರೆತ ಪದರ ಕಂಡಿತು: ನವಶಿಲಾಯುಗದ ಮಡಕೆ, ಕಪ್ಪು-ಕೆಂಪು ಮಡಕೆ, ಕಬ್ಬಿಣ. ರೇಡಿಯೋಕಾರ್ಬನ್ ಅದನ್ನು ಕ್ರಿ.ಪೂ. 1000ರ ಆಸುಪಾಸಿಗೆ ಒಯ್ದಿತು. ಇದರಿಂದ ನಾನು ಕಾಣುವುದು ಇದು: ಬ್ರಹ್ಮಗಿರಿಯ ನಡುವಣ ಪದರ ಜನ ಬದಲಾದ ಕಥೆಯನ್ನು ಹೇಳಲೇಬೇಕಿಲ್ಲ. ಇದ್ದ ಊರಿನವರೇ ಹೊಸ ಲೋಹವನ್ನೂ ಹೊಸ ಮಡಕೆಯನ್ನೂ ಮೆಲ್ಲಗೆ ರೂಢಿಸಿಕೊಂಡ ಕಾಲ ಅದಾಗಿರಬಹುದು. 'ಇರಬಹುದು' ಎಂಬ ಮಾತನ್ನು ತೂಗಿಯೇ ಬಳಸಿದ್ದೇನೆ. ನಂತರದವರು ತೋಡಿದ ಗುಂಡಿ, ಕಂಬದ ಕುಳಿಗಳು ಕೆಳಗಿನ ಚೂರನ್ನು ಮೇಲಕ್ಕೆ ತಂದಿರಲು ಸಾಧ್ಯ. ಆಗ ಬೆರಕೆಯಾದದ್ದು ಮಣ್ಣು ಮಾತ್ರ, ಸಂಸ್ಕೃತಿಗಳಲ್ಲ. ಗುಂಡಿಯ ಅಂಚನ್ನೇ ಒಂದು ಘಟನೆಯೆಂದು ದಾಖಲಿಸುವ ಎಡ್ವರ್ಡ್ ಹ್ಯಾರಿಸ್‌ರ ಪದ್ಧತಿ 1973ರದು. ವ್ಹೀಲರ್‌ರ ಛೇದಚಿತ್ರಗಳಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಹಳ್ಳೂರಿನ ಕಾಲವನ್ನು ಬ್ರಹ್ಮಗಿರಿಗೆ ನೇರವಾಗಿ ಹಚ್ಚುವುದೂ ಸಲ್ಲದು. ಇಷ್ಟಾದರೂ, ಆಕ್ರಮಣವನ್ನು ಸಾಧಿಸಲು ಬೇಕಾದ ಸುಟ್ಟ ಪದರವಾಗಲಿ ಪಾಳುಬಿದ್ದ ಕಾಲದ ಬರಿ ಮಣ್ಣಿನ ಪದರವಾಗಲಿ ಈ ವಾದದಲ್ಲಿ ಆಧಾರವಾಗಿ ಬರುವುದಿಲ್ಲ. ಅದರ ಭಾರವೆಲ್ಲ ಮಡಕೆಯ ಮೇಲೆ, ಮಡಕೆ ಬದಲಾದರೆ ಜನವೂ ಬದಲಾದರೆಂಬ ಊಹೆಯ ಮೇಲೆ.

ಊರಿನ ಪಕ್ಕದ ಕಲ್ಗೋರಿಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ವಸತಿಯ ನಡುವಣ ಪದರಕ್ಕೆ ಅವುಗಳನ್ನು ಬೆಸೆದಿರುವುದು ಮುಖ್ಯವಾಗಿ ಮಡಕೆಯ ಹೋಲಿಕೆ. ಗೋರಿಗಳಲ್ಲಿ ಮಲಗಿದವರು ಆ ಪದರದ ಯಾವ ಹಂತದವರು, ಬೆರಕೆಯ ಕಾಲದವರೇ ಅಥವಾ ಅದರ ಬಹಳ ನಂತರದವರೇ ಎಂಬುದನ್ನು ಗೋರಿಗಳ ಸ್ವತಂತ್ರ ಕಾಲನಿರ್ಣಯವೇ ತಿಳಿಸಬೇಕು.