ಮಯಾಮಿಯ ಛಾವಣಿಗಳು ಕಲಿಸಿದ ಲೆಕ್ಕ

ಮನೆ ಕೊಳ್ಳಲು ಹೋದವರು ಅಡುಗೆಮನೆ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಛಾವಣಿ ಹತ್ತಿ ನೋಡುವವರು ಕಡಿಮೆ. ಸೌರ ಉಪಕರಣದ ವಿಷಯ ಬಂದಾಗಲೂ ನಮ್ಮ ಮಾತು ಬಿಸಿಲು, ಬೆಲೆ, ರಿಯಾಯಿತಿ ಇಷ್ಟರಲ್ಲೇ ಮುಗಿಯುತ್ತದೆ. ಆದರೆ ಈ ನಿರ್ಧಾರದ ಹಿಂದೆ ಮನೆ ಮಾರುಕಟ್ಟೆಯ ಏರಿಳಿತವೂ ಇರುತ್ತದೆ. ಅದನ್ನು ತಿಳಿಯಲು ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ನಗರದ ಇತಿಹಾಸವನ್ನು ಸ್ವಲ್ಪ ನೋಡೋಣ.

ಸೌರ ಜಲತಾಪಕ ನಾವು ಭಾವಿಸುವಷ್ಟು ಹೊಸದಲ್ಲ. 1891ರಲ್ಲೇ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದಿದ್ದ. ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ನೀರಿನ ತೊಟ್ಟಿ, ಇಷ್ಟೇ ಅದರ ರಚನೆ. ರಾತ್ರಿಯಾದರೆ ನೀರು ತಣ್ಣಗಾಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಕಾಯಿಸುವ ಕೊಳವೆಗಳನ್ನೂ ತೊಟ್ಟಿಯನ್ನೂ ಬೇರ್ಪಡಿಸಿದ. ಕೊಳವೆಯಲ್ಲಿ ಕಾದ ನೀರು ಹಗುರವಾಗಿ, ಮೇಲಿರುವ ತೊಟ್ಟಿಗೆ ತಾನಾಗಿಯೇ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ. ಶಾಖ ಹೊರಹೋಗದಂತೆ ಹೊದಿಕೆ ಹಾಕಿದ ತೊಟ್ಟಿಯಲ್ಲಿ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ. ಬೆಂಗಳೂರಿನ ತಾರಸಿಗಳ ಮೇಲೆ ತಾವು ಕಾಣುವ ಜಲತಾಪಕಗಳಲ್ಲಿ ಬಹುಪಾಲು ಇದೇ ತತ್ತ್ವದಿಂದ ಕೆಲಸ ಮಾಡುತ್ತವೆ.

ಕ್ಯಾಲಿಫೋರ್ನಿಯದಲ್ಲಿ ಅಗ್ಗದ ನೈಸರ್ಗಿಕ ಅನಿಲ ಬಂದಾಗ ಬೈಲಿಯ ಉಪಕರಣಕ್ಕೆ ಬೇಡಿಕೆ ಕುಗ್ಗಿತು. 1923ರಲ್ಲಿ ಅದರ ಹಕ್ಕು ಮಯಾಮಿಗೆ ಹೋಯಿತು. ಅಲ್ಲಿ ಅಗ್ಗದ ಅನಿಲವಿರಲಿಲ್ಲ, ವಿದ್ಯುತ್ ದುಬಾರಿ, ಬಿಸಿಲು ಧಾರಾಳ. ಮೇಲಾಗಿ ಆ ಊರಿಗೆ ಆಗ ಭೂಮಿಯ ಹುಚ್ಚು ಹಿಡಿದಿತ್ತು. 1920ರ ಜನಗಣತಿಯಲ್ಲಿ 29,571 ಇದ್ದ ಜನಸಂಖ್ಯೆ 1930ರಲ್ಲಿ 1,10,637 ಆಯಿತು. ಜೌಗು ನೆಲಕ್ಕೂ ನಕಾಶೆ ಬರೆದು ಸೈಟು ಮಾರುತ್ತಿದ್ದರು. ಸ್ವಲ್ಪ ಮುಂಗಡ ಕೊಟ್ಟು ಬರೆಸಿಕೊಂಡ ಕರಾರುಪತ್ರವೇ, ಪೂರ್ತಿ ಹಣ ಕಟ್ಟುವ ಮೊದಲೇ, ಲಾಭಕ್ಕೆ ಕೈಯಿಂದ ಕೈಗೆ ದಾಟುತ್ತಿತ್ತು. ಹೊಸ ಮನೆಗಳ ಜೊತೆಗೆ ಸೌರ ಜಲತಾಪಕಕ್ಕೂ ಒಳ್ಳೆಯ ಕಾಲ ಬಂದಿತು.

ಆದರೆ ಗುಳ್ಳೆ ಬಹಳ ದಿನ ಉಳಿಯಲಿಲ್ಲ. 1925ರಲ್ಲಿ ಸಾಮಾನು ಇಳಿಸಿಕೊಳ್ಳಲು ಜಾಗವಿಲ್ಲದೆ ರೈಲ್ವೆಗಳು ಸರಕು ಸಾಗಣೆಗೆ ತಡೆ ಹಾಕಿದವು. 1926ರ ಜನವರಿಯಲ್ಲಿ 'ಪ್ರಿನ್ಸ್ ವಾಲ್ಡೆಮಾರ್' ಹಡಗು ಬಂದರಿನ ಬಾಯಲ್ಲೇ ಮಗುಚಿ ದಾರಿ ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರ್ 18ರಂದು ಚಂಡಮಾರುತ ಅಪ್ಪಳಿಸಿತು. ಕಟ್ಟಡಗಳ ಕೆಲಸ ನಿಂತಿತು. ಅದನ್ನೇ ನಂಬಿದ್ದ ಸೌರ ಜಲತಾಪಕದ ವ್ಯಾಪಾರವೂ ಕುಸಿಯಿತು. ಬಿಸಿಲೇನೋ ಮೊದಲಿನಷ್ಟೇ ಇತ್ತು.

ಮುಂದಿನ ಭಾಗವೇ ನಮಗೆ ಹೆಚ್ಚು ಮುಖ್ಯವಾದದ್ದು. 1930ರ ದಶಕದಲ್ಲಿ ಉಪಕರಣವನ್ನು ಸುಧಾರಿಸಿ, ತಾಮ್ರದ ಕೊಳವೆಗಳನ್ನು ಬಳಸತೊಡಗಿದರು. 1934ರ ರಾಷ್ಟ್ರೀಯ ವಸತಿ ಕಾಯಿದೆಯಿಂದಾಗಿ ಮನೆ ಸುಧಾರಣೆಯ ಸಾಲಕ್ಕೆ ಸರ್ಕಾರದ ವಿಮೆ ದೊರೆಯಿತು. ಒಮ್ಮೆಲೇ ಕೊಡಲಾಗದ ಹಣ ತಿಂಗಳ ಕಂತಾಯಿತು. ಮಾರುವ ಆಸೆಯಿಲ್ಲದೆ ಅಲ್ಲೇ ಬಾಳುವ ಕುಟುಂಬಕ್ಕೆ ಲೆಕ್ಕ ಕೂಡಿಬಂತು. 1941ರ ವೇಳೆಗೆ ಮಯಾಮಿಯ ಅರ್ಧದಷ್ಟು ಜನ ಸೂರ್ಯ ಕಾಯಿಸಿದ ನೀರು ಬಳಸುತ್ತಿದ್ದರೆಂದು ಅಂದಾಜು.

ಹಾಗಾದರೆ ಅವೆಲ್ಲ ಎಲ್ಲಿ ಹೋದವು? ಯುದ್ಧಕಾಲದಲ್ಲಿ ತಾಮ್ರ ನಾಗರಿಕ ಬಳಕೆಗೆ ಸಿಗದಾಯಿತು. ಯುದ್ಧ ಮುಗಿದ ಮೇಲೆ ತಾಮ್ರ ತುಟ್ಟಿ, ವಿದ್ಯುತ್ ಅಗ್ಗ. ಜೊತೆಗೆ ಒಂದು ರಾಸಾಯನಿಕ ತೊಂದರೆ: ತಾಮ್ರವೂ ಉಕ್ಕೂ ಬಿಸಿನೀರಿನಲ್ಲಿ ಒಂದಕ್ಕೊಂದು ತಗುಲಿದರೆ ಉಕ್ಕು ಬೇಗ ಸವೆಯುತ್ತದೆ. ತಾಮ್ರದ ಕೊಳವೆಗೆ ಸೇರಿದ್ದ ಉಕ್ಕಿನ ತೊಟ್ಟಿಗಳು ಛಾವಣಿಯ ಮೇಲೆ ಕಣ್ಣಿಗೆ ಬೀಳದಂತೆ ಕುಳಿತಿದ್ದವು; ತೂತಾದಾಗ ನೀರು ಸೀದಾ ಮನೆಯೊಳಗೆ. ಒಡೆದ ತೊಟ್ಟಿಯ ಬದಲು ವಿದ್ಯುತ್ ಹೀಟರ್ ತಂದವನ ಲೆಕ್ಕ ಆ ದಿನಕ್ಕೆ ತಪ್ಪೇನೂ ಅಲ್ಲ. ಹಾಗೆ ಮನೆಯಿಂದ ಮನೆಗೆ ಒಂದು ಊರೇ ಬಿಸಿಲಿನಿಂದ ದೂರ ಸರಿಯಿತು.

ಓದುಗರೇ, ಈಗ ಛಾವಣಿಯ ಮೇಲೆ ವಿದ್ಯುತ್ ಫಲಕಗಳ ಕಾಲ. ಫಲಕದ ಆಯುಸ್ಸು ಸುಮಾರು 25 ವರ್ಷ. ಬೆಲೆಯೇರಿಕೆಯ ಭರದಲ್ಲಿ ಮನೆ ಮಾರುವವರಿಗೆ ಅದೊಂದು ಆಕರ್ಷಣೆ. ಉಳಿಯುವವರಿಗೆ ಅದೊಂದು ದೀರ್ಘ ಠೇವಣಿ. ಆದ್ದರಿಂದ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಮನೆಯಲ್ಲಿ ನಾನು ಎಷ್ಟು ವರ್ಷ ಇರುತ್ತೇನೆ? ಫಲಕದ ಕೆಳಗಿನ ಛಾವಣಿ ಅಷ್ಟು ವರ್ಷ ಬಾಳುತ್ತದೆಯೇ? ಇಲ್ಲವಾದರೆ ಫಲಕ ಇಳಿಸಿ, ಸೋರಿಕೆ ಮುಚ್ಚಿ, ಮತ್ತೆ ಏರಿಸುವ ಖರ್ಚನ್ನೂ ಕೂಡಿಸಬೇಕು. ಕೆಟ್ಟ ದಿನ ರಿಪೇರಿಗೆ ಯಾರು ಬರುತ್ತಾರೆ?

ಮಯಾಮಿಯಲ್ಲಿ ಸೂರ್ಯ ಒಂದು ದಿನವೂ ಬಿಲ್ಲು ಕಳಿಸಲಿಲ್ಲ. ಖರ್ಚು ಬಂದದ್ದೆಲ್ಲ ತೊಟ್ಟಿ, ಕೊಳವೆ, ಸಾಲ ಮತ್ತು ಛಾವಣಿಯ ಲೆಕ್ಕದಲ್ಲಿ. ಮಾರಾಟಗಾರ ಬಿಸಿಲಿನ ಲೆಕ್ಕ ಹೇಳುತ್ತಾನೆ. ಉಳಿದದ್ದನ್ನು ತಾವೇ ಕೂಡಿಸಿ ನೋಡಬೇಕು.