ಗ್ರಾನ್ಬಿಯ ಇಲಿಗಳು

ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರಾನ್ಬಿ ಊರಿನ ಆ್ಯಬಿ ಲ್ಯಾಥ್ರಪ್ ಶಾಲೆಯ ಕೆಲಸ ಬಿಟ್ಟು ಕೋಳಿ ಸಾಕಲು ಹೊರಟರು. ಅದು ಕೈಹತ್ತಲಿಲ್ಲ. ಬಣ್ಣಬಣ್ಣದ ಇಲಿಗಳನ್ನು ಶೋಕಿಗೆ ಸಾಕುವವರಿದ್ದ ಕಾಲ. ಇಲಿ ಸಾಕಿದರು, ವ್ಯಾಪಾರ ಕುದುರಿತು. ಬರಬರುತ್ತ ಹಾರ್ವರ್ಡ್‌ನ ವಿಜ್ಞಾನಿಗಳೇ ಗಿರಾಕಿಗಳಾದರು. ಲ್ಯಾಥ್ರಪ್ ಯಾವುದಕ್ಕೆ ಯಾವ ಮರಿ ಹುಟ್ಟಿತೆಂದು ಲೆಕ್ಕ ಬರೆದಿಟ್ಟರು. ಇಲಿಗಳ ಮೈಮೇಲಿನ ಗಡ್ಡೆಗಳನ್ನು ಗಮನಿಸಿ, ವಿಜ್ಞಾನಿ ಲಿಯೋ ಲೋಬ್ ಜೊತೆ ಕ್ಯಾನ್ಸರ್ ಕುರಿತು ಪ್ರಬಂಧಗಳನ್ನೂ ಪ್ರಕಟಿಸಿದರು. ಕಾಲೇಜಿನಲ್ಲಿ ತಳಿಶಾಸ್ತ್ರ ಹೇಳಿಕೊಡುವ ನಾನು ಮೆಂಡೆಲರ ಬಟಾಣಿ ಮುಗಿಸಿದ ಮೇಲೆ ಈಕೆಯ ಹೆಸರನ್ನು ತಪ್ಪದೆ ಹೇಳುತ್ತೇನೆ.

1918ರಲ್ಲಿ ಲ್ಯಾಥ್ರಪ್ ತೀರಿಕೊಂಡರು. ಮೂರು ವರ್ಷದ ಬಳಿಕ ತಳಿವಿಜ್ಞಾನಿ ಕ್ಲಾರೆನ್ಸ್ ಕುಕ್ ಲಿಟ್ಲ್, ಲ್ಯಾಥ್ರಪ್ ಸಾಕಿದ ಸಂತತಿಯ 57ನೇ ನಂಬರಿನ ಹೆಣ್ಣಿಲಿಯಿಂದ ಒಂದು ಕಪ್ಪು ತಳಿ ಎಬ್ಬಿಸಿದರು. ಅದೇ ಸಿ57. 1909ರಲ್ಲೇ ಅವರು ಡಿಬಿಎ ಎಂಬ ಮಾಸಲು ಕಂದು ತಳಿಯನ್ನು ಆರಂಭಿಸಿದ್ದರು. ಒಡಹುಟ್ಟಿದವನ್ನೇ ಕೂಡಿಸುತ್ತ 20 ತಲೆಮಾರು ದಾಟಿಸಿದರೆ ಒಂದು ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ತದ್ರೂಪಿ ಅವಳಿಗಳಂತಾಗುತ್ತವೆ.

1959ರಲ್ಲಿ ಬರ್ಕ್ಲಿಯ ಜೆರಾಲ್ಡ್ ಮೆಕ್ಲರ್ನ್ ಮತ್ತು ಡೇವಿಡ್ ರಾಜರ್ಸ್ ಇಂಥ ತಳಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಲಿಗಳ ಮುಂದೆ ಎರಡು ಬಾಟಲಿ: ಒಂದರಲ್ಲಿ ನೀರು, ಇನ್ನೊಂದರಲ್ಲಿ ಶೇ. 10ರ ಆಲ್ಕೋಹಾಲ್. ಸಿ57 ಆಲ್ಕೋಹಾಲಿಗೇ ಬಾಯಿ ಹಾಕಿತು. ಡಿಬಿಎ ಅದನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಯಾರೂ ಕಲಿಸಿದ್ದಲ್ಲ, ವಂಶದಿಂದ ಬಂದದ್ದು.

ಇಷ್ಟು ಹೇಳುತ್ತಿದ್ದಂತೆ ತರಗತಿಯಲ್ಲಿ ಯಾರಾದರೂ, "ಹಾಗಾದ್ರೆ ಕುಡಿತ ರಕ್ತದಲ್ಲೇ ಇರುತ್ತೆ ಅಲ್ವಾ ಮೇಡಂ?" ಅನ್ನುತ್ತಾರೆ. ನಾನು ಅಲ್ಲಿಗೆ ಬಿಡುವುದಿಲ್ಲ. 1990ರ ದಶಕದಲ್ಲಿ ಓರೆಗಾನ್‌ನ ಪೋರ್ಟ್‌ಲೆಂಡ್‌ನಲ್ಲಿ ಕ್ರಿಸ್ಟೊಫರ್ ಕನ್ನಿಂಗ್‌ಹ್ಯಾಮ್ ಮತ್ತು ಜೊತೆಗಾರರು ಆಲ್ಕೋಹಾಲನ್ನು ಬಾಯಿಗೆ ಕೊಡದೆ ಚುಚ್ಚಿ ನೋಡಿದರು. ಕುಡಿಯಲೊಲ್ಲದ ಡಿಬಿಎ, ಚುಚ್ಚಿಸಿಕೊಂಡು ಅಮಲೇರಿದ ಜಾಗವನ್ನೇ ಮತ್ತೆ ಮತ್ತೆ ಹುಡುಕಿಕೊಂಡು ಹೋಯಿತು. ಸಿ57ಗೆ ಆ ಸೆಳೆತ ಅಷ್ಟಿರಲಿಲ್ಲ. ಡಿಬಿಎಯನ್ನು ಬಾಟಲಿಯಿಂದ ದೂರವಿಟ್ಟಿದ್ದರಲ್ಲಿ ರುಚಿಯ ಪಾಲು ದೊಡ್ಡದು. ಅಮಲು ಇಳಿಯುವಾಗ ಫಿಟ್ಸ್ ಜೋರಾಗಿ ಬರುವುದೂ ಡಿಬಿಎಗೇ. ನಾಲಗೆ, ಅಮಲಿನ ಸುಖ, ಬಿಟ್ಟಾಗಿನ ಸಂಕಟ, ಇವು ಒಂದೇ ಜೀನಿನ ಆಟವಲ್ಲ. ವಂಶದಲ್ಲಿ ಬೇರೆಬೇರೆಯಾಗಿ ಹರಿದು ಬರುತ್ತವೆ.

ಪಾಠ ಮಾಡುವ ನನ್ನಂಥವರಲ್ಲಿ ಒಂದು ಕೋರಿಕೆ: ಎರಡು ಬಾಟಲಿಯ ಕಥೆ ಹೇಳಿದ ದಿನವೇ ಈ ಉಳಿದರ್ಧವನ್ನೂ ಹೇಳಿ. ಅಪ್ಪ ಕುಡಿಯುವ ಮನೆಗಳ ಮಕ್ಕಳೂ ಅದೇ ಬೆಂಚಿನ ಮೇಲೆ ಕೂತಿರುತ್ತಾರೆ.